ಕ್ಯೂಸಿ ಪಾಸ್ ಅಂತೆ! ಯಾರು ಸ್ವಾಮಿ ಪಾಸ್ ಮಾಡಿದ್ದು?

ರಿಫರ್ಬಿಶ್ಡ್, ಅಂದರೆ ಹಳೆಯದನ್ನು ಸರಿಮಾಡಿದ ಲ್ಯಾಪ್‌ಟಾಪ್ ಮಾರುವವರು ಏನನ್ನು ಚೆಕ್ ಮಾಡುತ್ತಾರೆ ಅಂತ ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ. ತಮ್ಮನ ಮಗಳು ಬಿಕಾಂ ಸೇರಿದಳು ಅಂತ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಕೊಡಿಸಿದೆ. ಕಂಪನಿಯವರು ಹಳೆಯದನ್ನು ಒಟ್ಟಿಗೆ ಮಾರಿದ ಲಾಟ್ ಮಾಲು, ಎ ಗ್ರೇಡ್ ಅಂದರು. ಮುಚ್ಚಳಕ್ಕೆ ಹೊಸ ಸ್ಕಿನ್, ಕೀಬೋರ್ಡ್ ಫಳಫಳ, ತಳದಲ್ಲಿ ಹಸಿರು ಬಣ್ಣದ ಕ್ಯೂಸಿ ಪಾಸ್ ಸ್ಟಿಕ್ಕರ್, ಅಂದರೆ ಗುಣಮಟ್ಟ ಪರೀಕ್ಷೆಯಲ್ಲಿ ಪಾಸ್ ಅಂತ.

ಮೂರು ಗಂಟೆ ಬರುತ್ತದೆ ಅಂದಿದ್ದ ಬ್ಯಾಟರಿ ಒಂದು ಗಂಟೆಯೂ ನಿಲ್ಲುವುದಿಲ್ಲ. ವಿಂಡೋಸ್‌ನಲ್ಲಿಯೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಒಂದು ಸಾಲಿನ ಕಮಾಂಡ್, ಬಿಟ್ಟಿ. ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಲ್ಲ ಬರುತ್ತದೆ. ನಮ್ಮದು ಅರ್ಧಕ್ಕಿಂತ ಕಮ್ಮಿ. ಸ್ಟಿಕ್ಕರ್ ಅಂಟಿಸಿದ ಪುಣ್ಯಾತ್ಮ ಅಷ್ಟೂ ನೋಡಲಿಲ್ಲ. ಹೋಗಲಿ, ಬ್ಯಾಟರಿ ಬದಲಾಯಿಸಿದರಾಯಿತು.

ನನಗೆ ಮೈ ಉರಿದದ್ದು ಆಮೇಲೆ. ಹುಡುಗಿ ಅಸೈನ್‌ಮೆಂಟ್ ಫೈಲನ್ನು ಡಿಲೀಟ್ ಮಾಡಿಕೊಂಡಳು. ವಾಪಸ್ ತೆಗೆಯಲು ಅವಳ ಗೆಳತಿ ರೆಕುವಾ ಹಾಕಿ ಕೊಟ್ಟಳು, ಅದೂ ಬಿಟ್ಟಿ ಸಾಫ್ಟ್‌ವೇರ್. ಅಸೈನ್‌ಮೆಂಟ್ ಜೊತೆಗೆ ಹೊರಬಂದದ್ದು ಯಾರದೋ ಸಂಬಳದ ಸ್ಲಿಪ್, ಆಧಾರ್ ಸ್ಕ್ಯಾನ್, ಬಾಡಿಗೆ ಕರಾರು, ಮಗುವಿನ ನಾಮಕರಣದ ಫೋಟೊ! ಕಾಲೇಜು ಹುಡುಗಿಯರ ಕೈಗೆ ಸಿಕ್ಕಿದ್ದು ಇದು. ಕಳ್ಳನ ಕೈಗೆ ಸಿಕ್ಕಿದ್ದರೆ?

ಅಂಗಡಿಗೆ ಫೋನ್ ಮಾಡಿದರೆ, "ಫಾರ್ಮ್ಯಾಟ್ ಮಾಡಿದ್ದೀವಿ ಮೇಡಂ. ನಿಮಗೇನು ತೊಂದರೆ, ಡಿಲೀಟ್ ಮಾಡಿಬಿಡಿ" ಅಂತ ಉತ್ತರ. ಕ್ವಿಕ್ ಫಾರ್ಮ್ಯಾಟ್ ಮಾಡಿದ್ದಾರೆ, ಅಷ್ಟೇ. ಅದು ಬಾಗಿಲ ಮೇಲಿನ ಹೆಸರಿನ ಬೋರ್ಡ್ ಕಿತ್ತು ಮನೆ ಖಾಲಿಯಾಯಿತು ಅಂದ ಹಾಗೆ. ಸಾಮಾನೆಲ್ಲ ಒಳಗೇ ಇರುತ್ತದೆ. ಫಾರ್ಮ್ಯಾಟ್ ಮಾಡುವಾಗ ಆ 'ಕ್ವಿಕ್' ಮುಂದಿನ ಟಿಕ್ ತೆಗೆದರೆ ಸಾಕು, ವಿಸ್ಟಾ ಅನ್ನುವ ಹಳೆಯ ಆವೃತ್ತಿಯ ಕಾಲದಿಂದಲೂ ವಿಂಡೋಸ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆದು ಹಳೆಯದನ್ನು ಅಳಿಸುತ್ತದೆ. ಹಾರ್ಡ್ ಡಿಸ್ಕಿಗೆ ಒಂದೆರಡು ಗಂಟೆ ಹಿಡಿಯಬಹುದು. ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಆದರೆ ದಾರಿ ಬೇರೆ, ಅದಕ್ಕೆ ಸೆಕ್ಯೂರ್ ಎರೇಸ್ ಅಂತ ಅದರದೇ ಕಮಾಂಡ್ ಇದೆ, ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಲಾಟಿನಲ್ಲಿ ನೂರಾರು ಇರುತ್ತವೆ, ಅಷ್ಟು ಹೊತ್ತು ಕಾಯುವವರು ಯಾರು, ಅಲ್ವಾ? ಸ್ಕಿನ್ ಅಂಟಿಸುವುದಕ್ಕೆ ಮಾತ್ರ ಪುರುಸೊತ್ತು ಇರುತ್ತದೆ.

ಗೊತ್ತಿಲ್ಲದೆ ಮಾಡಿದರು ಅನ್ನಬೇಡಿ. ಅದೇ ಅಂಗಡಿಯ ಬೋರ್ಡಿನಲ್ಲಿ 'ಡಾಟಾ ರಿಕವರಿ ಮಾಡಿಕೊಡಲಾಗುವುದು' ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಅಳಿಸಿದ್ದು ವಾಪಸ್ ಬರುತ್ತದೆ ಅನ್ನುವುದೇ ಅವರ ದುಡ್ಡಿನ ದಾರಿ!

ಲಾಟ್ ಮಾರಿದ ಕಂಪನಿಯವರೇನು ಸಾಚಾನಾ? ಕೆಲಸ ಬಿಟ್ಟು ಹೋದವನ ಲ್ಯಾಪ್‌ಟಾಪ್ ಲಾರಿಗೆ ತುಂಬಿ ಕೈ ತೊಳೆದುಕೊಂಡರು. ಅಮೆರಿಕದಲ್ಲಿ ಮಾರ್ಗನ್ ಸ್ಟಾನ್ಲಿ ಅನ್ನುವ ದೊಡ್ಡ ಬ್ಯಾಂಕ್ ಹೀಗೇ ಮಾಡಿ ಸಿಕ್ಕಿಬಿತ್ತು. ಡೇಟಾ ಅಳಿಸುವ ಅನುಭವವೇ ಇಲ್ಲದ, ಸಾಮಾನು ಸಾಗಿಸುವ ಕಂಪನಿಗೆ ಹಳೆಯ ಡಿಸ್ಕುಗಳನ್ನು ಒಪ್ಪಿಸಿತ್ತು. ಗ್ರಾಹಕರ ಮಾಹಿತಿ ಇದ್ದ ಡಿಸ್ಕುಗಳು ಆನ್‌ಲೈನ್ ಹರಾಜಿಗೆ ಬಂದವು. 2022ರಲ್ಲಿ 3.5 ಕೋಟಿ ಡಾಲರ್ ದಂಡ ಕಟ್ಟಿತು. ನಮ್ಮಲ್ಲೂ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಅಂತ ಬರೆದಿದೆ. ಎಸ್‌ಪಿ ರೋಡಿನ ಗೋಡೌನಿನಲ್ಲಿ ಅದನ್ನು ಓದಿದವರು ಇದ್ದರೆ ನನಗೂ ತೋರಿಸಿ.

ಆ ಡಿಸ್ಕನ್ನು ನಾವೇ ಪೂರ್ತಿ ಅಳಿಸಿದೆವು. ಈಗ ನನ್ನ ಹಳೆಯ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜಿಗೆ ಕೊಡಿ ಅಂತ ಅದೇ ಅಂಗಡಿಯಿಂದ ಮೆಸೇಜ್ ಬರುತ್ತಿದೆ. ಡಿಸ್ಕ್ ಬಿಚ್ಚಿಕೊಂಡು ಕೊಡುತ್ತೇನೆ ಅಂದೆ. ಹಾಗಾದರೆ ಸಾವಿರ ರೂಪಾಯಿ ಕಮ್ಮಿ ಅಂತೆ. ಆಗಲಿ, ಕಮ್ಮಿಯೇ ಕೊಡಿ.