ಹೇಗೂ

ಮಳೆ ಜೋರಾಗಿತ್ತು. ಕೊನೆಯ ಬಸ್ಸು ಹೋಗಿಯಾಗಿತ್ತು. ನನ್ನ ಕೊಡೆ ಮನೆಯಲ್ಲಿ ಬಾಗಿಲ ಹಿಂದೆ ಬೆಚ್ಚಗೆ ನೇತಾಡುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಓಡಿಸುತ್ತಿದ್ದವರ ಮುಖ ನೋಡಿದ ನೆನಪು, ಹೆಸರು ಗೊತ್ತಿಲ್ಲ. "ಹತ್ತಿ, ಹೇಗೂ ಆ ಕಡೆನೇ ಹೋಗ್ತಿದ್ದೀನಿ" ಎಂದರು. ಹತ್ತಿದೆ. ಮನೆ ಮುಂದೆಯೇ ಇಳಿಸಿದರು. ಥ್ಯಾಂಕ್ಸ್ ಹೇಳಿ, ಗೇಟು ಹಾಕಿ, ಸುಮ್ನೆ ಒಮ್ಮೆ ತಿರುಗಿ ನೋಡಿದೆ. ಸ್ಕೂಟರ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು.

ಅಂದರೆ 'ಆ ಕಡೆ' ಅನ್ನೋ ಕಡೆಯೇ ಇರಲಿಲ್ಲ.

ಆವತ್ತಿನಿಂದ ಈ 'ಹೇಗೂ' ಕಿವಿಗೆ ಬಿದ್ದರೆ ಸಾಕು, ನನಗೆ ಅನುಮಾನ. "ಹೇಗೂ ಒಲೆ ಹಚ್ಚಿದ್ದೆ, ನಿಮಗೂ ಸೇರಿಸಿ ಮಾಡಿದೆ." "ಹೇಗೂ ನನಗೆ ನಿದ್ದೆ ಬರೋಲ್ಲ, ನೀನು ಮಲಗು, ಅಪ್ಪನ ಹತ್ತಿರ ನಾನು ಕೂತಿರ್ತೀನಿ." "ಈ ಪುಸ್ತಕ ನಮ್ಮಲ್ಲಿ ಹೇಗೂ ಎರಡಿದೆ." ಎರಡಿರುವುದಿಲ್ಲ. ನಿದ್ದೆ ಬರೋಲ್ಲ ಎಂದವರು ಬೆಳಗ್ಗೆ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿರುತ್ತಾರೆ. ಸುಳ್ಳು ಹೇಳಬಾರದು ಎಂಬ ಆಜ್ಞೆ ನನಗೂ ಗೊತ್ತು. ಆದರೂ ಈ ಸುಳ್ಳಿನ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ.

ಸಂಡೇ ಸ್ಕೂಲಿನಲ್ಲಿ ಕೃಪೆ ಎಂದರೇನು ಎಂದು ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಿದ್ದೆವು: ಯೋಗ್ಯತೆ ಇಲ್ಲದವರಿಗೆ ಸಿಗುವ ದಯೆ. ಉತ್ತರ ಸರಿಯೇ. ಆದರೆ ದೊಡ್ಡವನಾದಂತೆ ಆ 'ಯೋಗ್ಯತೆ ಇಲ್ಲದವರು' ಎಂಬುದು ಒಳಗೆಲ್ಲೋ ಚುಚ್ಚತೊಡಗಿತು. ಕೊಡುವವರು ಮೇಲೆ ನಿಂತಿದ್ದಾರೆ, ನಾನು ಕೆಳಗೆ ಕೈಚಾಚಿದ್ದೇನೆ. ಇದಕ್ಕೆ ಕನ್ನಡದಲ್ಲಿ ಹಂಗು ಎನ್ನುತ್ತೇವೆ, ಅಲ್ವಾ? ಯಾರ ಹಂಗೂ ಬೇಡಪ್ಪ ಎನ್ನುವ ಜಾತಿ ನಾನು. ಆ ಸ್ಕೂಟರಿನವರಿಗೆ ಪೆಟ್ರೋಲಿಗೆ ಎಷ್ಟಾಗಿರಬಹುದು ಎಂದು ತಲೆ ಒರೆಸಿಕೊಳ್ಳುತ್ತಲೇ ಲೆಕ್ಕ ಹಾಕಿದ್ದೆ.

ಹೇಗೂ ಎನ್ನುವುದು ಆ ಹಂಗನ್ನು ಕಿತ್ತು ಹಾಕಲಿಕ್ಕೆ. ನಿನಗಾಗಿ ಏನೂ ಮಾಡಿಲ್ಲ ಮಾರಾಯ, ಆಗುವುದಿತ್ತು ಆಯಿತು, ನೀನು ತಲೆ ತಗ್ಗಿಸಬೇಕಾಗಿಲ್ಲ ಎಂದು ಹೇಳುವ ಬಗೆ ಅದು.

ಬೈಬಲಿನಲ್ಲಿ ಇದನ್ನು ನನಗೆ ಕಲಿಸಿದ್ದು ಬೋವಜ ಎಂಬ ಹೊಲದೊಡೆಯ. ರೂತಳ ಕಥೆ ಗೊತ್ತಿರಬಹುದು. ಮೋವಾಬ್ ದೇಶದ ವಿಧವೆ. ಅತ್ತೆ ನೊವೊಮಿಯ ಕೈಬಿಡದೆ ಬೇತ್ಲೆಹೇಮಿಗೆ ಬಂದವಳು. ಜವೆಗೋದಿಯ ಸುಗ್ಗಿ ಶುರುವಾಗಿತ್ತು, ಮನೆಯಲ್ಲಿ ಕಾಳಿಲ್ಲ. ಹಕ್ಕಲಾಯಲು, ಅಂದರೆ ಕೊಯ್ಲಿನವರ ಹಿಂದೆ ಬಿದ್ದ ತೆನೆ ಆರಿಸಲು, ಹೊರಟಳು. ಹೊಲದ ಅಂಚನ್ನು ಪೂರಾ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಅದು ಬಡವರಿಗೆ, ಪರದೇಶಿಗಳಿಗೆ ಎಂದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲೇ ಇದೆ. ಹಾಗಾಗಿ ಅದು ಅವಳ ಹಕ್ಕು. ಬೋವಜ ಅಷ್ಟಕ್ಕೇ ಬಿಟ್ಟಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಅವನು ಆಳುಗಳನ್ನು ಕರೆದು ಮೆಲ್ಲಗೆ ಒಂದು ಮಾತು ಹೇಳಿದ. ಕಟ್ಟಿದ ಸಿವುಡಿನಿಂದಲೂ ನಾಲ್ಕು ತೆನೆ ಎಳೆದು ಬೀಳಿಸಿ. ಅವಳು ಆರಿಸಿಕೊಳ್ಳಲಿ. ಗದರಬೇಡಿ. ಒಂದು ಮೂಟೆ ಹೊರಿಸಿ ಮನೆಗೆ ಕಳಿಸುವಷ್ಟು ಅನುಕೂಲ ಅವನಿಗಿತ್ತು. ಕಳಿಸಲಿಲ್ಲ. ತೆನೆ ಹೇಗೂ ಬೀಳುತ್ತದೆ ಎನ್ನುವ ಹಾಗೆ ಬೀಳಿಸಿದ. ಆ ಸಂಜೆ ಅವಳು ಬಡಿದು ಕೇರಿದಾಗ ಒಂದು ಏಫಾ ಕಾಳಾಯಿತು, ಈಗಿನ ಲೆಕ್ಕದಲ್ಲಿ ಸುಮಾರು 22 ಲೀಟರ್ ಅಳತೆ. ನನ್ನ ದುಡಿಮೆ ಎಂದುಕೊಂಡೇ ಹೊತ್ತು ತಂದಿರಬೇಕು. ದುಡಿಮೆಯೂ ಹೌದು. ಬೆಳಗಿನಿಂದ ಬೆನ್ನು ಬಗ್ಗಿಸಿದವಳು ಅವಳೇ.

ಗುಟ್ಟು ಹಿಡಿದದ್ದು ಅತ್ತೆ. ಕಾಳಿನ ರಾಶಿ ನೋಡಿದವಳೇ, ಎಲ್ಲಿ ಹಕ್ಕಲಾಯ್ದೆ, ನಿನ್ನನ್ನು ಗಮನಿಸಿದವನಿಗೆ ಆಶೀರ್ವಾದವಾಗಲಿ ಎಂದಳು. ಮೊದಲು ಆಶೀರ್ವಾದ, ಅವನ ಹೆಸರು ಗೊತ್ತಾದದ್ದು ಆಮೇಲೆ. ಹಕ್ಕಲಾಯ್ದರೆ ಇಷ್ಟು ಸಿಗುವುದಿಲ್ಲ ಎಂದು ಆ ಹಿರಿಯಳಿಗೆ ಗೊತ್ತಿತ್ತು. ಇದೇ ನೊವೊಮಿ ಕೆಲವು ದಿನಗಳ ಹಿಂದೆ ಊರ ಹೆಂಗಸರಿಗೆ, ನನ್ನನ್ನು ಮಾರಾ ಎಂದು ಕರೆಯಿರಿ ಎಂದಿದ್ದಳು. ಮಾರಾ ಎಂದರೆ ಕಹಿ. ಗಂಡ, ಇಬ್ಬರು ಗಂಡುಮಕ್ಕಳು, ಮೂವರನ್ನೂ ಮಣ್ಣು ಮಾಡಿ ಬಂದವಳು ಬೇರೇನು ಹೇಳಿಯಾಳು? ಅವಳ ಕಹಿ ಆ ರಾತ್ರಿಯೇ ಹೋಯಿತು ಎಂದೇನೂ ಅಲ್ಲ. ಕಾಳು ಜಾಸ್ತಿ ಇದೆ ಎಂಬುದಂತೂ ಕಣ್ಣಿಗೆ ಬಿತ್ತು.

ಯೇಸುವಿನಲ್ಲೂ ಈ ಗುಣ ಕಾಣುತ್ತದೆ. ಸತ್ತು, ಸಮಾಧಿಯಿಂದ ಎದ್ದು ಬಂದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಶಿಷ್ಯರಿಗಾಗಿ ಕೆಂಡ ಹಾಕಿ ಕಾಯುತ್ತಿದ್ದ. ಕೆಂಡದ ಮೇಲೆ ಮೀನು ಆಗಲೇ ಇತ್ತು, ರೊಟ್ಟಿಯೂ ಇತ್ತು. ಆದರೂ, ನೀವು ಹಿಡಿದದ್ದರಲ್ಲಿ ಸ್ವಲ್ಪ ತನ್ನಿ ಎಂದ. ರಾತ್ರಿಯೆಲ್ಲ ಒಂದು ಮೀನೂ ಸಿಗದವರು, ಬಲೆ ಎಲ್ಲಿ ಬೀಸಬೇಕೆಂದು ಅವನೇ ಹೇಳಿದ ಮೇಲೆ 153 ಹಿಡಿದಿದ್ದರು. ಅದನ್ನು 'ನೀವು ಹಿಡಿದದ್ದು' ಎನ್ನುತ್ತಾನೆ! ಅವನನ್ನು ಅರಿಯೆನೆಂದು ಮೂರು ಸಲ ಹೇಳಿದ್ದ ಪೇತ್ರನೂ ಅಲ್ಲಿದ್ದ. ಅವನೊಂದಿಗೆ ಮಾತು ಶುರುವಾದದ್ದು ಊಟ ಆದ ಮೇಲೆಯೇ.

ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡುತ್ತಾನೆ, ಮಳೆ ಸುರಿಯುತ್ತದೆ ಎಂಬ ಯೇಸುವಿನ ಮಾತನ್ನು ಈಗ ಓದಿದರೆ ನನಗೆ ಆ ಸ್ಕೂಟರೇ ನೆನಪಾಗುತ್ತದೆ. ಬೆಳಗಾಗುವುದು ಹೇಗೂ ಆಗುತ್ತದೆ ಎಂದುಕೊಂಡಿದ್ದೇವೆ. ಉಸಿರು ಹೇಗೂ ಆಡುತ್ತದೆ. ಬೆರಳು ಕೊಯ್ದರೆ ನಾಲ್ಕು ದಿನದಲ್ಲಿ ಹೇಗೂ ಕೂಡಿಕೊಳ್ಳುತ್ತದೆ. ಹಾಗೆ ಅನ್ನಿಸಲಿ ಎಂದೇ ಯಾರೋ ಬೇಕಂತ ಮಾಡಿಟ್ಟಿರಬೇಕು. ಪ್ರತಿ ಉಸಿರಿಗೂ ರಸೀದಿ ಕೈಗಿಟ್ಟಿದ್ದರೆ ನಮ್ಮಂಥ ಲೆಕ್ಕದವರು ಬದುಕುವುದುಂಟೇ? ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಬೆರಳು ಕೂಡಿಕೊಳ್ಳುವುದು ರಕ್ತ ಹೆಪ್ಪುಗಟ್ಟುವುದರಿಂದ, ಅದಕ್ಕೆ ಬೋವಜನನ್ನು ಯಾಕೆ ಎಳೀತೀರಿ ಎನ್ನುತ್ತಾಳೆ. ಹೆಪ್ಪುಗಟ್ಟುವುದೂ ಬೀಳಿಸಿದ ತೆನೆಯೇ ಎಂದರೆ ನಗುತ್ತಾಳೆ.

ಹೋದ ವಾರ ನಾನೂ ಒಂದು 'ಹೇಗೂ' ಪ್ರಯತ್ನಿಸಿದೆ. ಪಕ್ಕದ ಮನೆಯ ಅಜ್ಜಿ ಔಷಧಿ ಚೀಟಿ ಹಿಡಿದು, ಮೆಟ್ಟಿಲಲ್ಲಿ ಗೋಡೆಗೆ ಕೈಕೊಟ್ಟು ನಿಂತಿದ್ದರು. ಕಿಟಕಿಯಿಂದ ಕಂಡಿತು. ಓಡಿ ಹೋದೆ. "ಕೊಡಿ ಅಜ್ಜಿ, ಹೇಗೂ ಆ ಕಡೆನೇ ಹೊರಟಿದ್ದೆ" ಎಂದೆ, ಆದಷ್ಟು ಸಹಜವಾಗಿ.

ಅಜ್ಜಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಒಂದರಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯದು.

"ಹೌದೌದು, ಹೇಗೂ ಹೊರಟಿದ್ದೆ" ಎನ್ನುತ್ತಾ ಚೀಟಿ ಕೈಗಿಟ್ಟರು.