ಯಾರೂ ಬರೆದಿಡದ ಕ್ರಿಯಾಪದ: ಮತ್ತೆ ಕಟ್ಟಬಹುದೇ?

ಲ್ಯಾಟಿನ್‌ಗೂ ಒಬ್ಬ ತಾಯಿ ಇದ್ದಳು. ಪಂಡಿತರು ಅವಳಿಗಿಟ್ಟ ಹೆಸರು ಮೂಲ-ಇಟಾಲಿಕ್. ಆ ಭಾಷೆಯಲ್ಲಿ ಬರೆದ ಒಂದಕ್ಷರವೂ ಸಿಕ್ಕಿಲ್ಲ. ಆದರೂ ಅದರ ಕ್ರಿಯಾಪದಗಳು 'ಇದು ಲೆಕ್ಕ ಹಾಕಿ ಕಟ್ಟಿದ್ದು' ಅನ್ನುವ ನಕ್ಷತ್ರ ಚಿಹ್ನೆಯನ್ನು ತಲೆಗೆ ಹಾಕಿಕೊಂಡು ನಿಘಂಟುಗಳಲ್ಲಿ ಕೂತಿವೆ. ನಂಬಬಹುದೇ?

ಪರ

ರೋಮ್‌ನ ಉತ್ತರಕ್ಕೆ ಫಲೇರಿ ಅಂತ ಒಂದು ಊರಿತ್ತು. ಅಲ್ಲಿನ ಮಾತು ಲ್ಯಾಟಿನ್‌ನ ಸೋದರಿ, ಅದೇ ತಾಯಿಯ ಮಗಳು. ಅಲ್ಲಿನ ಕ್ರಿ.ಪೂ. 4ನೇ ಶತಮಾನದ ಬಟ್ಟಲೊಂದರ ಮೇಲೆ ಹೀಗಿದೆ: 'ಫೊಯೆದ್ ವಿನೊ ಪಿಪಾಫೊ, ಕ್ರಾ ಕಾರೆಫೊ.' ಇವತ್ತು ವೈನ್ ಕುಡಿಯುತ್ತೇನೆ, ನಾಳೆ ಇಲ್ಲದೆ ಇರುತ್ತೇನೆ. (ತಿಂಗಳ ಕೊನೆಯ ಮಾತಿನ ಹಾಗಿದೆ!) ಈ ಕಾರೆಫೊ ಲ್ಯಾಟಿನ್‌ನಲ್ಲಿ ಕಾರೇಬೊ. ಅಲ್ಲಿ ಫ, ಇಲ್ಲಿ ಬ. ಇದೊಂದೇ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಆದರೆ ಇಟಲಿಯ ದಕ್ಷಿಣದ ಇನ್ನೊಂದು ಸೋದರ ಭಾಷೆ ಆಸ್ಕನ್‌ನಲ್ಲಿ 'ಇದ್ದರು' ಅನ್ನಲು ಫುಫನ್ಸ್. ಲ್ಯಾಟಿನ್‌ನ ಭೂತಕಾಲದ '-ಬಂತ್' ಎದುರಿಗೆ ಅಲ್ಲೂ ಫ. ಇದರ ಹಿಂದಿರುವುದು 'ಆಗು' ಅನ್ನುವ ಹಳೆಯ ಧಾತು. ಸಂಸ್ಕೃತದ 'ಭೂ' ಅದರ ನೆಂಟ. ಪೋಗು ಹೋಗು ಆದದ್ದನ್ನು ಕಂಡ ನಮಗೆ ಇದೇನೂ ಹೊಸದಲ್ಲ, ಅಲ್ವಾ?

ಈ ವಿಧಾನ ಪರೀಕ್ಷೆಯನ್ನೂ ಪಾಸಾಗಿದೆ. ಲ್ಯಾಟಿನ್, ಸಂಸ್ಕೃತಗಳೆರಡಕ್ಕೂ ಮೂಲವಾದ ಇನ್ನೂ ಹಳೆಯ ಭಾಷೆಯಲ್ಲಿ ಕೆಲವು ಧ್ವನಿಗಳಿದ್ದು ಆಮೇಲೆ ಅಳಿದವು ಅಂತ ಭಾಷಾವಿಜ್ಞಾನಿ ಸೊಸ್ಯೂರ್ 1879ರಲ್ಲಿ ಲೆಕ್ಕ ಹಾಕಿದ್ದರು. 1927ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಕುರಿಲೋವಿಚ್ ಅವುಗಳ ಕುರುಹನ್ನು ಅದೇ ಕುಟುಂಬದ ಹಳೆಯ ಹಿಟೈಟ್ ಭಾಷೆಯಲ್ಲಿ ತೋರಿಸಿದರು.

ವಿರೋಧ

ಧ್ವನಿಯ ಲೆಕ್ಕ ಒಪ್ಪೋಣ. ಕ್ರಿಯಾಪದ ಬರೀ ಧ್ವನಿಯಲ್ಲ. 'ಮಾಡಿದನು' ಅನ್ನುವುದನ್ನೇ ತಗೊಳ್ಳಿ. ಲ್ಯಾಟಿನ್ ಫೇಕಿತ್ ಅನ್ನುತ್ತದೆ. ಆದರೆ ರೋಮ್ ಹತ್ತಿರದ ಪ್ರೆನೆಸ್ತೆ ಊರಿನ, ಹಳೆಯ ಲ್ಯಾಟಿನ್ ಬರಹವಿರುವ ಚಿನ್ನದ ಪಿನ್ನಿನ ಮೇಲಿರುವುದು ಫೆಫಾಕೆದ್. (ಆ ಪಿನ್ನೇ ನಕಲಿ ಅಂತ ದಶಕಗಟ್ಟಲೆ ಜಗಳ ನಡೆದಿತ್ತು.) ಆಸ್ಕನ್ ಕೂಡ ಫೆಫಾಕ್ ಅಂತ ಮೊದಲಕ್ಷರವನ್ನು ಎರಡು ಸಲ ಹೇಳುತ್ತದೆ. ಇಟಲಿಯ ಈಶಾನ್ಯದ ನೆರೆಭಾಷೆ ವೆನೆಟಿಕ್‌ನಲ್ಲಿ ಫಾಗ್ಸ್ತೊ! ತಾಯಿ ಹೇಳುತ್ತಿದ್ದುದು ಯಾವುದು? ಎಲ್ಲವೂ ಇದ್ದವು ಅಂದರೆ ಸುಮ್ನೆ ಜಾರಿಕೊಂಡ ಹಾಗೆ.

ಆ ಕಾರೆಫೊ ಕಥೆಯೂ ಅಷ್ಟೇ. ಭವಿಷ್ಯತ್ತಿಗೆ ಆಸ್ಕನ್ 'ಫ' ಹಚ್ಚುವುದಿಲ್ಲ, 'ಸ' ಹಚ್ಚುತ್ತದೆ.

ಇನ್ನೂ ದೊಡ್ಡ ಪೆಟ್ಟು ಮನೆಯೊಳಗೇ ಇದೆ. 'ಹಾಡುವೆನು' ಅನ್ನಲು ಇಟಾಲಿಯನ್‌ನಲ್ಲಿ ಕಾಂತೆರೊ, ಸ್ಪ್ಯಾನಿಷ್‌ನಲ್ಲಿ ಕಾಂತರೆ, ಫ್ರೆಂಚ್‌ನಲ್ಲಿ ಶಾಂತ್ರೆ. ಲ್ಯಾಟಿನ್ ಬರಹವೆಲ್ಲ ಸುಟ್ಟುಹೋಗಿ ಈ ಮಕ್ಕಳಷ್ಟೇ ಉಳಿದಿದ್ದರೆ ನಾವು ಕಟ್ಟುತ್ತಿದ್ದುದು 'ಕಾಂತಾರೆ ಹಾಬೆಯೊ'. ಹಾಡಲಿಕ್ಕಿದೆ ಅನ್ನುವ ಹಾಗೆ. ಆದರೆ ರೋಮ್‌ನ ವಾಗ್ಮಿ ಸಿಸೆರೊ ಕಾಲದ ಲ್ಯಾಟಿನ್‌ನಲ್ಲಿ 'ಹಾಡುವೆನು' ಅಂದರೆ ಕಾಂತಾಬೊ. ಆ 'ಬೊ' ಈ ಮೂವರಲ್ಲಿ ಒಬ್ಬರ ಬಾಯಲ್ಲೂ ಇಲ್ಲ.