ಮೂಗಿಗೆ ಏಟು ಬಿದ್ರೆ ಎಕ್ಸ್‌ರೇ ಒಂದನ್ನೇ ನಂಬ್ಕೊಂಡು ಕೂರ್ಬೇಡಿ

ನಮ್ ಮಂಡ್ಯ ಕಡೆ ಕಬಡ್ಡಿ ಆಡೋ ಹುಡುಗ್ರಿಗೆ ಮೂಗಿನ ಮೇಲೆ ಮೊಣಕೈ ಬೀಳೋದು ಮಾಮೂಲಿ. ರಕ್ತ ನಿಂತ ತಕ್ಷಣ ಎಲ್ರೂ ಕೇಳೋದು "ಎಕ್ಸ್‌ರೇ ತೆಗ್ಸಿದ್ರಾ?" ಅಂತ, ಮೂಗೊಳಗೆ ಲೈಟ್ ಬಿಟ್ಟು ನೋಡಿದ್ರಾ ಅಂತ ಒಬ್ರೂ ಕೇಳಲ್ಲ ಕಣ್ರಪ್ಪ.

ಮೂಗಲ್ಲಿ ಮೇಲ್ಗಡೆ ಮಾತ್ರ ಮೂಳೆ, ಕೆಳಗಡೆದೆಲ್ಲ ಕಾರ್ಟಿಲೇಜು (ಕಿವಿಲಿರೋ ಥರ ಬಾಗೋ ಮೆದು ಎಲುಬು), ಅದು ಎಕ್ಸ್‌ರೇಲಿ ಕಾಣಲ್ಲ. ಮೂಳೆ ಮೇಲೆ ಹುಟ್ಟಿದಾಗಿಂದ ಇರೋ ಗೆರೆಗಳೂ ಎಷ್ಟೋ ಸಲ ಬಿರುಕಿನ ಥರಾನೇ ಕಾಣುತ್ವೆ, ಹಳೇ ಏಟು ಯಾವ್ದು ಹೊಸದ್ಯಾವ್ದು ಗೊತ್ತಾಗಲ್ಲ.

ನಮ್ಮಕ್ಕನ ಮಗನಿಗೆ ಹಿಂಗೇ ಆಯ್ತು. ಒಂದು ಕ್ಲಿನಿಕ್ಕಲ್ಲಿ ಫಿಲ್ಮ್‌ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಫ್ರಾಕ್ಚರ್ ಇಲ್ಲ ಐಸ್ ಇಡಿ ಅಂತ ಕಳ್ಸಿಬಿಟ್ರು, ರಾತ್ರಿ ನೋಡಿದ್ರೆ ಎರಡೂ ಹೊಳ್ಳೆ ಕಟ್ಕೊಂಡು ಬಾಯಲ್ಲೇ ಉಸಿರಾಡ್ತಾವ್ನೆ. ಇಎನ್‌ಟಿ (ಕಿವಿ ಮೂಗು ಗಂಟಲು) ಡಾಕ್ಟ್ರು ಟಾರ್ಚ್ ಬಿಟ್ರೆ ಮೂಗಿನ ನಡುಗೋಡೆ ಎರಡೂ ಪಕ್ಕ ನೇರಳೆಹಣ್ಣಿನ ಬಣ್ಣಕ್ಕೆ ಊದಿತ್ತು, ಹತ್ತಿ ಸುತ್ತಿದ ಕಡ್ಡೀಲಿ ಒತ್ತಿದ್ರೆ ಮೆತ್ತಗೆ ಒಳಕ್ಕೆ ಹೋಗೋದು. ಸೆಪ್ಟಲ್ ಹೆಮಟೋಮಾ, ಅಂದ್ರೆ ನಡುಗೋಡೆ ಪೊರೆ ಕೆಳಗೆ ರಕ್ತ ತುಂಬ್ಕೊಂಡಿದೆ ಅಂದ್ರು, ಆಗಲೇ ಕುಯ್ದು ರಕ್ತ ತೆಗೆದು ಪ್ಯಾಕ್ ಇಟ್ರು. ಕಾರ್ಟಿಲೇಜಿಗೆ ಸ್ವಂತ ರಕ್ತನಾಳ ಇಲ್ಲ, ಮೇಲಿನ ಪೊರೆಯಿಂದಾನೇ ಅದು ಬದುಕಬೇಕು, ಮಧ್ಯ ರಕ್ತ ನಿಂತ್ರೆ ಕೆಲವೇ ದಿನದಲ್ಲಿ ಸತ್ತು ಕೀವಾಗಿ ಮೂಗೇ ಕುಸಿದು ಹೋಗ್ಬಹುದು. ಫಿಲ್ಮ್ ನಾರ್ಮಲ್ ಅಂತ ಮನೇಲಿ ಕೂತಿದ್ರೆ ಹುಡುಗನ ಗತಿ ಏನು ಹೇಳಿ.

ಹಂಗಂತ ಎಲ್ರೂ ಸಿಟಿ ಸ್ಕ್ಯಾನಿಗೆ ಓಡ್ಬೇಡಿ. ಒಂದು ಎರಡಾಗಿ ಕಾಣ್ತಿದ್ರೆ, ಹಲ್ಲು ಮೊದಲಿನ ಥರ ಕೂರ್ತಿಲ್ಲ ಅಂದ್ರೆ, ಮೂಗಿಂದ ತಿಳಿನೀರು ತೊಟ್ಟಿಕ್ತಿದ್ರೆ (ಅದು ಮಿದುಳಿನ ಸುತ್ತ ಇರೋ ನೀರೂ ಆಗಿರ್ಬಹುದು) ಆಗ ಸಿಟಿ ಬೇಕೇ ಬೇಕು, ತಡ ಮಾಡ್ಲೇಬಾರ್ದು. ಬರೀ ಮೂಗಿನ ಮೂಳೆಗಾದ್ರೆ ಅಲ್ಟ್ರಾಸೌಂಡಲ್ಲೂ ಬಿರುಕು ಚೆನ್ನಾಗಿ ಕಾಣುತ್ತೆ, ರೇಡಿಯೇಷನ್ ಇಲ್ಲ, ಮೂಳೆ ಕೂರಿಸ್ತಾ ಸರಿ ಕೂತಿದ್ಯಾ ಅಂತ ಅಲ್ಲೇ ನೋಡ್ಬಹುದು. ನಮ್ ಮೈಸೂರು ಮಂಡ್ಯ ಆಸ್ಪತ್ರೆಗಳಲ್ಲಿ ಇದನ್ನ ಜಾಸ್ತಿ ಬಳಸ್ಬೇಕು ಅನ್ನೋದು ನನ್ನ ಆಸೆ.

ಹೊಡೆದಾಟದ ಕೇಸಾದ್ರೆ ಮಾತು ಬೇರೆ. ಮೂಳೆ ಮುರಿದ್ರೆ ಭಾರತೀಯ ನ್ಯಾಯ ಸಂಹಿತೆ 116ರ ಪ್ರಕಾರ ತೀವ್ರ ಗಾಯ, ವೂಂಡ್ ಸರ್ಟಿಫಿಕೇಟಿಗೆ (ಗಾಯದ ಬಗ್ಗೆ ಡಾಕ್ಟ್ರು ಪೊಲೀಸ್ರಿಗೆ ಕೊಡೋ ಪತ್ರ) ಫಿಲ್ಮ್ ಬೇಕಾಗುತ್ತೆ, ತೆಗ್ಸಿ. ಆದ್ರೆ ಪೊಲೀಸ್ ಫೈಲಿಗೆ ಹೋಗೋ ಫಿಲ್ಮೇ ಟ್ರೀಟ್‌ಮೆಂಟು ಅಂದ್ಕೋಬೇಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆನೋ ಮಂಡ್ಯದ ಮಿಮ್ಸ್ ಆಸ್ಪತ್ರೆನೋ, ಅವತ್ತೇ ಇಎನ್‌ಟಿಗೆ ತೋರ್ಸಿ. ಊತ ಇಳಿದ್ಮೇಲೆ, ಮೂರರಿಂದ ಐದು ದಿನ ಬಿಟ್ಟು, ಇನ್ನೊಂದ್ಸಲ ಹೋಗಿ, ಹೋಗುವಾಗ ಏಟು ಬೀಳೋಕ್ ಮುಂಚಿನ ಫೋಟೋ ಒಂದು ಮೊಬೈಲಲ್ಲಿ ಇರ್ಲಿ, ಮೂಗು ಮೊದ್ಲು ಹೆಂಗಿತ್ತು ಅಂತ ಡಾಕ್ಟ್ರಿಗೆ ಅದ್ರಲ್ಲೇ ಗೊತ್ತಾಗೋದು. ಸೊಟ್ಟಗಿದ್ರೆ ದೊಡ್ಡೋರಿಗೆ ಎರಡು ವಾರದೊಳಗೆ, ಮಕ್ಕಳಿಗೆ ಒಂದೇ ವಾರದೊಳಗೆ ಕೂರಿಸ್ಬೇಕು, ಮೂಳೆ ಹಂಗೇ ಕೂಡ್ಕೊಂಡ್ರೆ ಆಮೇಲೆ ದೊಡ್ಡ ಆಪರೇಷನ್ನೇ ಗತಿ.